ಯಾರೂ ಏನೂ ಮುಟ್ಟಿಲ್ಲ, ಆದ್ರೂ ಬೆಳಗಿನ ಜಾವ 2:40ಕ್ಕೆ ಡೇಟಾಬೇಸ್ ಸರ್ಟಿಫಿಕೇಟ್ ಎರರ್. ಯಾಕೆ?

ಸಂಘದ_ಲೆಕ್ಕ · ಬುಧವಾರ, ರಾತ್ರಿ 8:05

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ನಮ್ಮದು ಏಳು ಜನರ ಸಣ್ಣ ಕಂಪನಿ. ಪತ್ತಿನ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡಿಕೊಡ್ತೀವಿ. ಡೇಟಾಬೇಸ್ ಅಮೆಜಾನ್ ಆರ್‌ಡಿಎಸ್ (ಅಮೆಜಾನೇ ನಡೆಸೋ ಕ್ಲೌಡ್ ಡೇಟಾಬೇಸ್ ಸೇವೆ) ಪೋಸ್ಟ್‌ಗ್ರೆಸ್, ಮುಂಬೈ ರೀಜನ್. ಆರು ತಿಂಗಳ ಹಿಂದೆ ಹೊಸ ಇನ್‌ಸ್ಟನ್ಸ್ (ಡೇಟಾಬೇಸ್ ಸರ್ವರ್) ಎಬ್ಬಿಸಿ ಡೇಟಾ ಎಲ್ಲ ಅಲ್ಲಿಗೆ ಸಾಗಿಸಿದ್ವಿ. ಆರು ಸರ್ವಿಸ್‌ಗಳು ಅದಕ್ಕೆ ಕನೆಕ್ಟ್ ಆಗ್ತವೆ. ಐದು ನೋಡ್ ಮತ್ತು ಪೈಥಾನ್‌ನಲ್ಲಿವೆ, ಒಂದು ಜಾವಾ. ಜಾವಾದ್ದು ರಾತ್ರಿ ಕೂತು ದಿನವಹಿ ವರದಿ ತಯಾರು ಮಾಡೋದು. ಸಂಘದ ಕಾರ್ಯದರ್ಶಿಗಳು ಬೆಳಿಗ್ಗೆ ಬಂದ ತಕ್ಷಣ ನೋಡೋದೇ ಅದನ್ನ.

ಮಂಗಳವಾರ ಬೆಳಗಿನ ಜಾವ 2:40ರಿಂದ ಜಾವಾ ಸರ್ವಿಸ್ ಲಾಗ್ ತುಂಬ 'ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್', ಅಂದ್ರೆ ಡೇಟಾಬೇಸ್ ತೋರಿಸಿದ ಸರ್ಟಿಫಿಕೇಟನ್ನ ನಂಬೋಕೆ ಆಗ್ತಿಲ್ಲ ಅಂತ. ಉಳಿದ ಐದಕ್ಕೆ ಒಂದು ಎರರ್ ಕೂಡ ಇಲ್ಲ. ಒಂಬತ್ತು ದಿನದಿಂದ ಯಾರೂ ಡಿಪ್ಲಾಯ್ ಮಾಡಿಲ್ಲ. ಸರ್ಟಿಫಿಕೇಟ್ ಮುಗಿಯೋ ದಿನ ಕ್ಯಾಲೆಂಡರ್‌ನಲ್ಲಿ ಹಾಕಿಟ್ಟಿದ್ದೀನಿ, ಅದಕ್ಕೆ ಇನ್ನೂ ಆರು ತಿಂಗಳಿದೆ. ಕೊನೆಗೆ ನಾಲ್ಕೂವರೆಗೆ ನಮ್ಮ ಹುಡುಗ ಕನೆಕ್ಷನ್ ಸಾಲಿನಿಂದ ಎಸ್‌ಎಸ್‌ಎಲ್-ಫ್ಯಾಕ್ಟರಿ (ಜಾವಾದ್ದೇ ಸರ್ಟಿಫಿಕೇಟ್ ಪಟ್ಟಿ ಬಳಸು ಅನ್ನೋ ಸೆಟ್ಟಿಂಗ್) ತೆಗೆದು, ತಪಾಸಣೆ ಎಷ್ಟು ಬಿಗಿ ಅಂತ ಹೇಳೋ ಎಸ್‌ಎಸ್‌ಎಲ್‌ಮೋಡ್‌ನ ವೆರಿಫೈ-ಫುಲ್‌ನಿಂದ ರಿಕ್ವೈರ್‌ಗೆ ಬದಲಾಯಿಸಿದ. ಆಮೇಲೆ ಓಡ್ತು.

ನನ್ನ ಪ್ರಶ್ನೆ ಎರಡು. ಏನೂ ಮುಟ್ಟದೆ ಇದು ಕೆಟ್ಟಿದ್ದು ಹೇಗೆ? ಈಗ ಓಡ್ತಿರೋ ರಿಕ್ವೈರ್ ಹಾಗೇ ಬಿಡಬಹುದಾ?

ಜಯನಗರ_4ನೇ_ಬ್ಲಾಕ್ · 8:11

ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿರತ್ತೆ ಗುರು. ಹೊಸದು ಹಾಕಿ.

ಸಂಘದ_ಲೆಕ್ಕ · 8:13

ಆರು ತಿಂಗಳಿದೆ ಅಂತ ಬರೆದಿದ್ದೀನಿ ಸಾರ್.

ಹುಬ್ಬಳ್ಳಿ_ಬ್ಯಾಕೆಂಡ್ · 8:20

ಇದು ಆ 2019ರ ರೂಟಿನ ಕಥಿ ಇರಬೇಕ್ರಿ. ಆರ್‌ಡಿಎಸ್‌ದ ಹಳೇ ಸಿಎ, ಅಂದ್ರ ಉಳಿದ ಸರ್ಟಿಫಿಕೇಟಿಗೆ ಸಹಿ ಹಾಕೋ ಮೂಲ (ರೂಟ್) ಸರ್ಟಿಫಿಕೇಟ್, 2024ರ ಆಗಸ್ಟ್ 22ಕ್ಕ ಮುಗೀತು. ಅವಾಗ ನಮ್ಮಲ್ಲಿ ಹದಿನಾಲ್ಕು ಇನ್‌ಸ್ಟನ್ಸ್ ಇದ್ದವು, ಒಂದೊಂದ ಹಿಡಕೊಂಡು ಹೊಸಾ ಸಿಎಗೆ ಹಾಕಿದ್ವಿ. ಟ್ರಸ್ಟ್‌ಸ್ಟೋರ್ (ಕ್ಲೈಂಟ್ ನಂಬೋ ಸರ್ಟಿಫಿಕೇಟ್ ಇಡೋ ಫೈಲ್) ಮೊದಲ ಬದಲ ಮಾಡ್ಬೇಕು, ಆಮ್ಯಾಲೆ ಸರ್ವರ್. ಒಂದ್ ಕಡೆ ಉಲ್ಟಾ ಮಾಡಿದ್ವಿ, ಅರ್ಧ ದಿನ ಹೋತು. ನಿಮ್ಮ ಟ್ರಸ್ಟ್‌ಸ್ಟೋರ್‌ನ್ಯಾಗ ಹಳೇದ ಉಳದೈತೇನ್ ನೋಡ್ರಿ.

ತುಂಗಾತೀರ · 8:24

@ಹುಬ್ಬಳ್ಳಿ_ಬ್ಯಾಕೆಂಡ್ ಅವರ ಇನ್‌ಸ್ಟನ್ಸ್‌ಗೆ ಆರೇ ತಿಂಗಳು. 2024ರ ಜನವರಿ ಕೊನೆಯಿಂದಲೇ ಹೊಸ ಇನ್‌ಸ್ಟನ್ಸ್‌ಗೆಲ್ಲ ಡೀಫಾಲ್ಟ್ ಆಗಿ ಆರ್‌ಎಸ್‌ಎ2048-ಜಿ1 ಅನ್ನೋ ಹೊಸ ಸಿಎ ಬರ್ತಿದೆ. ಹಳೇ ರೂಟ್ ಆಗಿದ್ದಿದ್ರೆ ಮೊದಲ ದಿನವೇ ಕನೆಕ್ಟ್ ಆಗ್ತಿರಲಿಲ್ಲ.

ಹುಬ್ಬಳ್ಳಿ_ಬ್ಯಾಕೆಂಡ್ · 8:26

ಹೌದ್ರಿ, ಅದನ್ನ ಓದಿರಲಿಲ್ಲ. ಸರಿ.

ಕುಡ್ಲದ_ಡಿಬಿಎ · 8:41

ಎರಡು ಮಾಹಿತಿ ಕೊಡಿ ಮಾರಾಯ್ರೆ, ಆಮೇಲೆ ಮಾತಾಡುವ. ಜಾವಾ ಟ್ರಸ್ಟ್‌ಸ್ಟೋರನ್ನು ಕೀಟೂಲ್ ಎಂಬ ಜಾವಾ ಕಮಾಂಡಿನಲ್ಲಿ ಲಿಸ್ಟ್ ಮಾಡಿ, ನೀವು ಸೇರಿಸಿದ ಸರ್ಟಿಫಿಕೇಟಿನ ಓನರ್ ಯಾರು, ಇಶ್ಯೂಯರ್ ಯಾರು ಅಂತ ಹೇಳಿ. ಇನ್ನೊಂದು, ಆರ್‌ಡಿಎಸ್ ಇನ್‌ಸ್ಟನ್ಸಿನ ಮೇಂಟೆನೆನ್ಸ್ ವಿಂಡೋ (ಅಮೆಜಾನ್ ತನ್ನ ದುರಸ್ತಿ ಕೆಲಸ ಮಾಡುವ ವಾರದ ಹೊತ್ತು) ಯಾವಾಗ ಉಂಟು? ಕನ್ಸೋಲಿನಲ್ಲಿ ಕನೆಕ್ಟಿವಿಟಿ ಟ್ಯಾಬ್‌ನಲ್ಲಿ ಸರ್ಟಿಫಿಕೇಟ್ ಮುಗಿಯುವ ದಿನವೂ ಕಾಣ್ತದೆ, ಅದನ್ನೂ ನೋಡಿ.

ಸಂಘದ_ಲೆಕ್ಕ · 9:02

ನೋಡಿದೆ. ಓನರ್ ಜಾಗದಲ್ಲಿ ನಮ್ಮ ಡೇಟಾಬೇಸ್ ಎಂಡ್‌ಪಾಯಿಂಟ್ (ಕನೆಕ್ಟ್ ಆಗೋ ವಿಳಾಸ) ಹೆಸರೇ ಇದೆ. ಇಶ್ಯೂಯರ್ ಅಮೆಜಾನ್ ಆರ್‌ಡಿಎಸ್ ಅಂತ ಶುರುವಾಗೋ ಉದ್ದ ಹೆಸರು. ಸೇರಿಸಿರೋದು ಇದೊಂದೇ.

ವಿಂಡೋ ಸೋಮವಾರ 20:30ರಿಂದ 21:00. ಅಂದ್ರೆ ಸೋಮವಾರ ರಾತ್ರಿ ಎಂಟೂವರೆ. ಆ ಹೊತ್ತಲ್ಲಿ ಏನೂ ಆಗಿಲ್ಲ.

ಒಂದು ವಿಚಿತ್ರ ಇದೆ. ಕನ್ಸೋಲ್‌ನಲ್ಲಿ ಮುಗಿಯೋ ದಿನ ಈ ಮಂಗಳವಾರದಿಂದ ಸರಿಯಾಗಿ ಒಂದು ವರ್ಷ ಮುಂದಿದೆ. ನನ್ನ ಕ್ಯಾಲೆಂಡರ್‌ನಲ್ಲಿರೋದಕ್ಕೂ ಇದಕ್ಕೂ ಆರು ತಿಂಗಳ ವ್ಯತ್ಯಾಸ. ನಾನೇ ತಪ್ಪು ಬರ್ಕೊಂಡಿದ್ನಾ?

ಕುಡ್ಲದ_ಡಿಬಿಎ · 9:30

ನೀವು ಬರ್ಕೊಂಡದ್ದು ಸರಿಯೇ ಉಂಟು. ಡೇಟಾಬೇಸಿನ ಸರ್ಟಿಫಿಕೇಟೇ ಬದಲಾಗಿದೆ.

ಮೊದಲು ಆ ವಿಂಡೋ. ಅದು ಯುಟಿಸಿ. ಐದೂವರೆ ಗಂಟೆ ಸೇರಿಸಿ: ಸೋಮವಾರ 20:30 ಅಂದ್ರೆ ನಮಗೆ ಮಂಗಳವಾರ ಬೆಳಗಿನ ಜಾವ 2:00. ನಿಮ್ಮ ಎರರ್ 2:40ಕ್ಕೆ ಶುರು. ದಾರಿ ಸಿಕ್ಕಿತಲ್ಲ?

ಆರ್‌ಎಸ್‌ಎ2048-ಜಿ1 ಬಂದ ಮೇಲೆ ಸರ್ವರ್ ಸರ್ಟಿಫಿಕೇಟನ್ನು ಆರ್‌ಡಿಎಸ್ ತಾನೇ ಬದಲಾಯಿಸ್ತದೆ. ರೂಟಿಗೆ 40 ವರ್ಷ ಆಯುಸ್ಸು. ಸರ್ವರಿನದ್ದಕ್ಕೆ, ರೀಸ್ಟಾರ್ಟ್ ಇಲ್ಲದೆ ಬದಲಾಯಿಸ್ಲಿಕ್ಕೆ ಆಗುವ ಎಂಜಿನ್‌ಗಳಲ್ಲಿ, ಒಂದು ವರ್ಷ. ಆದರೆ ಒಂದು ವರ್ಷ ಪೂರ್ತಿ ಕಾಯುವುದಿಲ್ಲ. ಅರ್ಧ ಆಯುಸ್ಸು ಕಳೆದ ಮೇಲೆ ಮೇಂಟೆನೆನ್ಸ್ ವಿಂಡೋದಲ್ಲಿ ಹೊಸದನ್ನು ಕೂರಿಸ್ತದೆ. ನಿಮ್ಮದಕ್ಕೆ ಆರು ತಿಂಗಳು ಆಯ್ತು, ಬದಲಾಯ್ತು. ನೀವು ಬರೆದಿಟ್ಟ ತಾರೀಕು ಬರುವ ಸಂಭವವೇ ಇರಲಿಲ್ಲ.

ಇದರಿಂದ ಯಾರಿಗೂ ತೊಂದರೆ ಆಗಬಾರದು, ಯಾಕಂದ್ರೆ ರೂಟ್ ಅದೇ. ನಿಮಗೆ ಆದದ್ದು ಯಾಕಂದ್ರೆ ನಿಮ್ಮ ಟ್ರಸ್ಟ್‌ಸ್ಟೋರಿನಲ್ಲಿ ರೂಟ್ ಇಲ್ಲವೇ ಇಲ್ಲ. ಇರುವುದು ಲೀಫ್, ಅಂದ್ರೆ ಆ ಡೇಟಾಬೇಸಿನ ಸ್ವಂತ ಸರ್ಟಿಫಿಕೇಟ್. ಯಾರೋ ಓಪನ್‌ಎಸ್‌ಎಸ್‌ಎಲ್ ಎಸ್-ಕ್ಲೈಂಟ್ ಎಂಬ ಕಮಾಂಡಿನಿಂದ ಸರ್ವರಿಗೆ ಕನೆಕ್ಟ್ ಆಗಿ, ಬಂದ ಮೊದಲ ಸರ್ಟಿಫಿಕೇಟನ್ನು ಕಾಪಿ ಮಾಡಿ ಕೀಟೂಲಿನಲ್ಲಿ ಇಂಪೋರ್ಟ್ ಮಾಡಿದ್ದಾರೆ. ಎಷ್ಟೋ ಕಡೆ ಹೀಗೇ ಮಾಡಿ ಅಂತ ಬರೆದಿಟ್ಟಿದ್ದಾರೆ. ಜಾವಾ ಅದನ್ನು ಒಪ್ಪಿಕೊಳ್ತದೆ, ಟ್ರಸ್ಟ್‌ಸ್ಟೋರಿನಲ್ಲಿರುವ ಸರ್ಟಿಫಿಕೇಟೇ ಎದುರಿಗೆ ಬಂದರೆ ಸಾಕು ಅದಕ್ಕೆ. ಪಿಎಸ್‌ಕ್ಯೂಎಲ್‌ಗೆ (ಪೋಸ್ಟ್‌ಗ್ರೆಸ್ಸಿನ ಕಮಾಂಡ್ ಸಾಧನಕ್ಕೆ) ಅದೇ ಫೈಲ್ ಕೊಟ್ಟಿದ್ದರೆ ಮೊದಲ ದಿನವೇ ಬೇಡ ಅಂತಿತ್ತು, ಅದು ರೂಟಿನ ತನಕ ಸರಪಳಿ ಕೇಳ್ತದೆ.

ಇನ್ನು 2:00ಕ್ಕೇ ಅಲ್ಲದೆ 2:40ಕ್ಕೆ ಯಾಕೆ? ನಿಮ್ಮದು ಹಿಕಾರಿ ಪೂಲ್ (ಕನೆಕ್ಷನ್‌ಗಳನ್ನು ತೆರೆದಿಟ್ಟುಕೊಂಡು ಮತ್ತೆ ಮತ್ತೆ ಬಳಸುವ ಜಾವಾ ಲೈಬ್ರರಿ) ಅಲ್ವಾ? ಅದರಲ್ಲಿ ಮ್ಯಾಕ್ಸ್‌ಲೈಫ್‌ಟೈಮ್, ಅಂದ್ರೆ ಒಂದು ಕನೆಕ್ಷನಿನ ಗರಿಷ್ಠ ಆಯುಸ್ಸು, ಡೀಫಾಲ್ಟ್ 30 ನಿಮಿಷ. ಸರ್ಟಿಫಿಕೇಟ್ ಬದಲಾದರೂ ಆಗಲೇ ತೆರೆದಿದ್ದ ಕನೆಕ್ಷನ್‌ಗಳಿಗೆ ಏನೂ ಆಗುವುದಿಲ್ಲ, ತಪಾಸಣೆ ಆಗುವುದು ಹೊಸ ಹ್ಯಾಂಡ್‌ಶೇಕ್‌ನಲ್ಲಿ, ಅಂದ್ರೆ ಹೊಸದಾಗಿ ಕನೆಕ್ಟ್ ಆಗುವಾಗ ಮಾತ್ರ. ಹಳೆಯ ಕನೆಕ್ಷನ್‌ಗಳು ಒಂದೊಂದೇ ವಯಸ್ಸಾಗಿ ಹೋದವು, ಅವುಗಳ ಜಾಗಕ್ಕೆ ಹೊಸದು ಬರ್ಲಿಲ್ಲ. ವಿಂಡೋ 2:30ರ ತನಕ ಉಂಟು, ಅದರೊಳಗೆ ಬದಲಾದ ಹೊತ್ತಿನಿಂದ ಅರ್ಧ ಗಂಟೆಯಲ್ಲಿ ಪೂಲ್ ಖಾಲಿ.

ಸಂಘದ_ಲೆಕ್ಕ · 9:38

ಹಿಕಾರಿಯೇ. ಎಲ್ಲ ಡೀಫಾಲ್ಟ್.

ಈಗ ಅರ್ಥ ಆಯ್ತು. ಆ ಸರ್ಟಿಫಿಕೇಟ್ ಇಂಪೋರ್ಟ್ ಮಾಡಿದ್ದು ನಾನೇ. ಎರರ್ ಬರ್ತಿತ್ತು, ಹುಡುಕಿದೆ, ಸಿಕ್ಕ ಕಮಾಂಡ್ ಹಾಕಿದೆ, ಎರರ್ ಹೋಯ್ತು.

ಹೊಸ_ಫ್ರೆಷರ್ · 9:45

ಈ ಲೀಫ್, ರೂಟ್ ವ್ಯತ್ಯಾಸ ಯಾರಾದ್ರೂ ಸ್ವಲ್ಪ ಬಿಡಿಸಿ ಹೇಳ್ತೀರಾ? ಕಾಲೇಜಲ್ಲಿ ಓದಿದ್ದೆ, ಆದ್ರೆ ಇಲ್ಲಿ ಏನು ತಪ್ಪಾಯ್ತು ಅಂತ ತಲೆಗೆ ಹೋಗ್ತಿಲ್ಲ.

ಮೈಸೂರು_ಡಿಬಿಎ · 9:58

ಸಂಘದ ಉದಾಹರಣೆಯಲ್ಲೇ ಹೇಳ್ತೀನಿ. ಸಂಘದಿಂದ ಒಂದು ರಸೀದಿ ಬರುತ್ತೆ. ಅದು ಅಸಲಿ ಅಂತ ನೀನು ಹೇಗೆ ನಂಬ್ತೀಯ? ಒಂದು ದಾರಿ, ಈಗಿರೋ ಕಾರ್ಯದರ್ಶಿಯ ಸಹಿ ಹೇಗಿದೆ ಅಂತ ಒಂದು ಚೀಟಿಯಲ್ಲಿ ಇಟ್ಕೊಂಡು ಹೋಲಿಸಿ ನೋಡೋದು. ಇನ್ನೊಂದು, ಕಾರ್ಯದರ್ಶಿಯನ್ನ ನೇಮಿಸಿದವರು ಯಾರು, ಆ ನೇಮಕದ ಆದೇಶಕ್ಕೆ ಮೊಹರು ಹಾಕಿದವರು ಯಾರು ಅಂತ ಮೇಲೆ ಹೋಗಿ ನೋಡೋದು. ಮೊದಲನೇದು ಸುಲಭ. ಆದ್ರೆ ಕಾರ್ಯದರ್ಶಿ ಬದಲಾದ ದಿನ ನಿನ್ನ ಚೀಟಿ ಕೆಲಸಕ್ಕೆ ಬರಲ್ಲ, ಅಸಲಿ ರಸೀದಿಯನ್ನೇ ನೀನು ನಕಲಿ ಅಂತ ವಾಪಸ್ ಕಳಿಸ್ತೀಯ. ಇವರ ಜಾವಾ ಸರ್ವಿಸ್ ಮಾಡಿದ್ದು ಅದೇ.

ಪತ್ತೆ ಮಾಡೋದು ಹೀಗೆ: ಓನರ್ ಮತ್ತು ಇಶ್ಯೂಯರ್ ಎರಡೂ ಒಂದೇ ಹೆಸರಾಗಿದ್ರೆ ರೂಟ್. ಓನರ್ ಜಾಗದಲ್ಲಿ ನಿಮ್ಮ ಡೇಟಾಬೇಸ್ ಹೆಸರಿದ್ರೆ ಲೀಫ್, ಅದು ಟ್ರಸ್ಟ್‌ಸ್ಟೋರ್‌ನಲ್ಲಿ ಇರಬಾರದು.

ಹೊಸ_ಫ್ರೆಷರ್ · 10:01

ಈಗ ಗೊತ್ತಾಯ್ತು ಮೇಡಂ, ಥ್ಯಾಂಕ್ಸ್. ಹಾಗಾದ್ರೆ ಉಳಿದ ಐದು ಸರ್ವಿಸ್‌ಗೆ ಯಾಕೆ ಏನೂ ಆಗಲಿಲ್ಲ? ಅವರ ಹತ್ರ ರೂಟ್ ಇತ್ತಾ?

ತುಂಗಾತೀರ · 10:04

ಮುಖ್ಯವಾದ ಪ್ರಶ್ನೆ ಇದೇ. ಸಂಘದ_ಲೆಕ್ಕ ಅವರೇ, ಆ ಐದರಲ್ಲಿ ಸೆಟ್ಟಿಂಗ್ ಏನಿದೆ?

ಸಂಘದ_ಲೆಕ್ಕ · 10:16

ಪೈಥಾನ್ ಎರಡರಲ್ಲಿ ಎಸ್‌ಎಸ್‌ಎಲ್‌ಮೋಡ್ ರಿಕ್ವೈರ್. ನೋಡ್ ಮೂರರಲ್ಲಿ ರಿಜೆಕ್ಟ್-ಅನ್‌ಆಥರೈಸ್ಡ್ ಫಾಲ್ಸ್.

ಟೈಪ್ ಮಾಡ್ತಾ ನನಗೇ ಗೊತ್ತಾಗ್ತಿದೆ.

ತುಂಗಾತೀರ · 10:25

ಅವು ಸರ್ಟಿಫಿಕೇಟ್ ನೋಡೋದೇ ಇಲ್ಲ. ಎದುರಿಗೆ ಯಾರು ಯಾವ ಸರ್ಟಿಫಿಕೇಟ್ ತೋರಿಸಿದ್ರೂ ಸರಿ ಅಂತವೆ. ಆರರಲ್ಲಿ ಪರೀಕ್ಷೆ ಮಾಡ್ತಿದ್ದಿದ್ದು ಜಾವಾ ಒಂದೇ, ಅದಕ್ಕೇ ಕೆಟ್ಟಿದ್ದೂ ಅದೊಂದೇ. ನಾಲ್ಕೂವರೆಗೆ ನಿಮ್ಮ ಹುಡುಗ ಮಾಡಿದ್ದು ಆ ಒಂದನ್ನೂ ಉಳಿದ ಐದರ ಹಾಗೆ ಮಾಡಿದ್ದು. ಅವನನ್ನ ಬೈಬೇಡಿ, ಆ ಹೊತ್ತಿಗೆ ವರದಿ ಹೋಗಬೇಕಿತ್ತು. ಆದ್ರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಹಾಗೇ ಬಿಡಬೇಡಿ.

ಜಯನಗರ_4ನೇ_ಬ್ಲಾಕ್ · 10:31

ನಾನು ಒಪ್ಪಲ್ಲ. ಡೇಟಾಬೇಸ್ ಪ್ರೈವೇಟ್ ಸಬ್‌ನೆಟ್‌ನಲ್ಲಿದೆ. ಹೊರಗಿಂದ ದಾರಿ ಇಲ್ಲ. ಸೆಕ್ಯುರಿಟಿ ಗ್ರೂಪ್‌ನಲ್ಲಿ ಆ ಆರು ಸರ್ವಿಸ್‌ಗೆ ಮಾತ್ರ ಪರ್ಮಿಷನ್. ರಿಕ್ವೈರ್ ಇದ್ರೆ ಎನ್‌ಕ್ರಿಪ್ಷನ್ ಅಂತೂ ಇದೆ. ಮಧ್ಯದಲ್ಲಿ ಬಂದು ಕೂರೋಕೆ ಯಾರಿಗೆ ಆಗತ್ತೆ? ಏಳು ಜನರ ಕಂಪನಿಗೆ ಇಷ್ಟೆಲ್ಲ ಹೊರೆ ಯಾಕೆ? ವೆರಿಫೈ-ಫುಲ್ ಹಾಕಿದ್ದಕ್ಕೇ ಅಲ್ವಾ ರಾತ್ರಿ ಕೆಟ್ಟಿದ್ದು.

ಕುಡ್ಲದ_ಡಿಬಿಎ · 10:36

ವೆರಿಫೈ-ಫುಲ್ ಹಾಕಿದ್ದಕ್ಕೆ ಅಲ್ಲ, ತಪ್ಪು ಸರ್ಟಿಫಿಕೇಟ್ ಹಾಕಿದ್ದಕ್ಕೆ.

ಜಯನಗರ_4ನೇ_ಬ್ಲಾಕ್ · 10:37

ಫಲಿತಾಂಶ ಒಂದೇ ಅಲ್ವಾ? ಬೆಳಿಗ್ಗೆ ವರದಿ ಇರಲಿಲ್ಲ.

ನೈಟ್_ಡ್ಯೂಟಿ · 10:52

@ಜಯನಗರ_4ನೇ_ಬ್ಲಾಕ್ ಎರಡು ವರ್ಷದ ಹಿಂದೆ ನಾನೂ ಇದೇ ಮಾತು ಹೇಳ್ತಿದ್ದೆ. ಆಮೇಲೆ ನಮ್ಮಲ್ಲೊಂದು ನಡೀತು.

ಡೇಟಾಬೇಸ್ ಸಾಗಿಸೋ ಸಮಯದಲ್ಲಿ ಒಂದು ಸರ್ವರ್‌ನ ಹೋಸ್ಟ್ಸ್ ಫೈಲಿನಲ್ಲಿ ಪ್ರೊಡಕ್ಷನ್ ಎಂಡ್‌ಪಾಯಿಂಟ್ ಹೆಸರನ್ನ ಒಂದು ಐಪಿಗೆ ಕಟ್ಟಿ ಯಾರೋ ಪರೀಕ್ಷೆ ಮಾಡಿದ್ರು. ಕೆಲಸ ಮುಗಿದ ಮೇಲೆ ಆ ಸಾಲು ತೆಗೆಯೋದು ಮರೆತು ಹೋಯ್ತು. ಆ ಐಪಿ ಸ್ಟೇಜಿಂಗ್ (ಪರೀಕ್ಷೆಗೆ ಇಟ್ಟ) ಡೇಟಾಬೇಸಿಂದು. ಯೂಸರ್, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇತ್ತು, ಅದೂ ತಪ್ಪೇ. ಆಟೋಸ್ಕೇಲಿಂಗ್‌ನಲ್ಲಿ ಆ ಸರ್ವರ್‌ನ ಇಮೇಜಿನಿಂದ (ನಕಲು ಪ್ರತಿಯಿಂದ) ಹೊಸ ಸರ್ವರ್ ಎದ್ದಾಗಲೆಲ್ಲ ಅದು ಸ್ಟೇಜಿಂಗ್‌ಗೆ ಬರೀತಿತ್ತು. ಒಂದೂವರೆ ದಿನ ಗ್ರಾಹಕರ ಆರ್ಡರ್‌ಗಳಲ್ಲಿ ಕೆಲವು ಇಲ್ಲಿ, ಕೆಲವು ಅಲ್ಲಿ. ಕಳ್ಳ ಯಾರೂ ಇರಲಿಲ್ಲ, ಎಲ್ಲ ನಮ್ಮ ಪ್ರೈವೇಟ್ ಸಬ್‌ನೆಟ್ ಒಳಗೇ ಆಗಿದ್ದು. ಎನ್‌ಕ್ರಿಪ್ಷನ್ ಪೂರ್ತಿ ಸರಿಯಾಗಿತ್ತು, ಮಾತಾಡ್ತಿದ್ದ ಡೇಟಾಬೇಸ್ ಬೇರೆಯಾಗಿತ್ತು.

ವೆರಿಫೈ-ಫುಲ್ ಇದ್ದಿದ್ರೆ ಮೊದಲ ಕನೆಕ್ಷನ್ನೇ ನಿಲ್ತಿತ್ತು. ಯಾಕಂದ್ರೆ ಎದುರಿಗೆ ಬಂದ ಸರ್ಟಿಫಿಕೇಟ್‌ನಲ್ಲಿ ಸ್ಟೇಜಿಂಗ್ ಹೆಸರಿತ್ತು. ಆ ಒಂದೂವರೆ ದಿನದ ಡೇಟಾ ಜೋಡಿಸೋಕೆ ನಮಗೆ ಹನ್ನೊಂದು ದಿನ ಹಿಡೀತು.

ಜಯನಗರ_4ನೇ_ಬ್ಲಾಕ್ · 10:59

ಈ ಉದಾಹರಣೆ ಯೋಚನೆ ಮಾಡೋ ಹಾಗಿದೆ, ಒಪ್ತೀನಿ. ಆದ್ರೂ ಇದಕ್ಕೆ ವೆರಿಫೈ-ಸಿಎ ಸಾಲಲ್ವಾ? ರೂಟ್ ಮಾತ್ರ ನೋಡಿದ್ರೆ ಹೆಸರಿನ ತಲೆನೋವು ಇರಲ್ಲ.

ಮೈಸೂರು_ಡಿಬಿಎ · 11:08

ಆರ್‌ಡಿಎಸ್‌ನಲ್ಲಿ ಸಾಲಲ್ಲ. ಅಲ್ಲಿ ರೂಟ್ ಇರೋದು ರೀಜನ್‌ಗೆ. ಮುಂಬೈ ರೀಜನ್‌ನಲ್ಲಿ ಈ ಆರ್‌ಎಸ್‌ಎ2048-ಜಿ1 ಹಾಕಿರೋ ಅಷ್ಟೂ ಗ್ರಾಹಕರ ಅಷ್ಟೂ ಡೇಟಾಬೇಸ್‌ಗಳ ಸರಪಳಿ ಹೋಗಿ ನಿಲ್ಲೋದು ಅದೇ ರೂಟ್‌ಗೆ. ವೆರಿಫೈ-ಸಿಎ ಹೇಳೋದು 'ಇದು ಮುಂಬೈನ ಯಾವುದೋ ಒಂದು ಆರ್‌ಡಿಎಸ್' ಅಂತ ಮಾತ್ರ. ನೈಟ್_ಡ್ಯೂಟಿ ಅವರ ಸ್ಟೇಜಿಂಗ್ ಅದರಲ್ಲಿ ಆರಾಮಾಗಿ ಪಾಸ್ ಆಗ್ತಿತ್ತು. ಅಷ್ಟೇ ಅಲ್ಲ, ಪರಿಚಯವೇ ಇಲ್ಲದ ಬೇರೆ ಕಂಪನಿಯ ಡೇಟಾಬೇಸ್ ಕೂಡ ಪಾಸ್. ಹೆಸರು ನೋಡಲೇಬೇಕು.

ಡಬ್ಲಿನ್_ಕನ್ನಡಿಗ · 11:20

ಗೂಗಲ್ ಕ್ಲೌಡ್ ಎಸ್‌ಕ್ಯೂಎಲ್‌ನಲ್ಲಿ ಇದು ಉಲ್ಟಾ, ನಾನು ಅಲ್ಲಿ ಕೆಲಸ ಮಾಡೋದ್ರಿಂದ ಹೇಳ್ತಿದ್ದೀನಿ. ಮೊದಲಿಂದ ಇರೋ ಪದ್ಧತಿಯಲ್ಲಿ ಪ್ರತಿ ಇನ್‌ಸ್ಟನ್ಸ್‌ಗೂ ತನ್ನದೇ ಸಿಎ, ಹತ್ತು ವರ್ಷ ಆಯುಸ್ಸು. ಸರ್ಟಿಫಿಕೇಟ್‌ನಲ್ಲಿ ಡಿಎನ್‌ಎಸ್ ಹೆಸರಿನ ಬದಲು ಪ್ರಾಜೆಕ್ಟ್ ಮತ್ತು ಇನ್‌ಸ್ಟನ್ಸ್ ಹೆಸರು ಇರುತ್ತೆ, ಹಾಗಾಗಿ ವೆರಿಫೈ-ಫುಲ್ ಫೇಲ್ ಆಗುತ್ತೆ. ಅಲ್ಲಿ ವೆರಿಫೈ-ಸಿಎ ಸಾಕು, ಆ ಸಿಎ ಸಹಿ ಮಾಡೋದೇ ಆ ಒಂದು ಇನ್‌ಸ್ಟನ್ಸ್‌ಗೆ. ಒಂದು ಕ್ಲೌಡ್‌ನ ಸಲಹೆಯನ್ನ ಇನ್ನೊಂದಕ್ಕೆ ಹಾಗೇ ಎತ್ತಿ ಹಾಕಬಾರದು.

ಅಲ್ಲಿ ಆಥ್ ಪ್ರಾಕ್ಸಿ ಹಾಕಿದ್ರೆ ಈ ಯಾವ ಫೈಲೂ ನಾವು ಇಟ್ಕೋಬೇಕಿಲ್ಲ. ಅದು ಒಂದು ಗಂಟೆಯ ಸರ್ಟಿಫಿಕೇಟ್ ತಾನೇ ತಗೊಂಡು ತಾನೇ ಬದಲಾಯಿಸ್ಕೊಳ್ಳುತ್ತೆ.

ಹುಬ್ಬಳ್ಳಿ_ಬ್ಯಾಕೆಂಡ್ · 11:26

ಒಂದು ಗಂಟೆ! ಇಲ್ಲಿ ನಾವು ಒಂದು ವರ್ಷದ್ದಕ್ಕ ಒದ್ದಾಡಾಕತ್ತೇವಿ.

ಡಬ್ಲಿನ್_ಕನ್ನಡಿಗ · 11:29

ಒಂದು ಗಂಟೆ ಆಗಿರೋದಕ್ಕೇ ಒದ್ದಾಟ ಇಲ್ಲ. ಕೈಯಲ್ಲಿ ಮಾಡೋಕೆ ಆಗದಷ್ಟು ಚಿಕ್ಕದಾದಾಗ ಜನ ಅದನ್ನ ಯಂತ್ರಕ್ಕೆ ಬಿಡಲೇಬೇಕು.

ತುಂಗಾತೀರ · 11:34

ಈಗ ವೆಬ್‌ಸೈಟ್‌ಗಳ ಪಬ್ಲಿಕ್ ಸರ್ಟಿಫಿಕೇಟ್‌ಗಳೂ ಅದೇ ದಾರಿ ಹಿಡಿದಿವೆ. ಸಿಎಗಳೂ ಬ್ರೌಸರ್ ಕಂಪನಿಗಳೂ ಸೇರಿ ನಿಯಮ ಮಾಡೋ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ತೀರ್ಮಾನ ಮಾಡಿದ ಪ್ರಕಾರ ಗರಿಷ್ಠ ಆಯುಸ್ಸು 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಕೈಯಲ್ಲಿ ಬದಲಾಯಿಸೋರು ಈಗಿಂದಲೇ ಬೇರೆ ದಾರಿ ಹುಡುಕಬೇಕು.

ಜಯನಗರ_4ನೇ_ಬ್ಲಾಕ್ · 11:38

47 ದಿನ ಅತಿ ಆಯ್ತು. ಸಣ್ಣ ಆಫೀಸ್‌ನಲ್ಲಿ ಯಾರು ಮಾಡ್ತಾರೆ?

ಕುಡ್ಲದ_ಡಿಬಿಎ · 11:42

ಆರ್‌ಡಿಎಸ್‌ನ ಸಿಎ ಖಾಸಗಿ, ಆ ನಿಯಮ ಅದಕ್ಕೆ ತಾಗುವುದಿಲ್ಲ. ಇಲ್ಲಿ ಅದನ್ನು ಎಳೆದು ತರುವುದು ಬೇಡ, ಓದುವವರಿಗೆ ಗೊಂದಲ ಆಗ್ತದೆ.

ತುಂಗಾತೀರ · 11:44

ತಾಗಲ್ಲ, ನಿಜ. ಆದ್ರೆ ಲೆಟ್ಸ್ ಎನ್‌ಕ್ರಿಪ್ಟ್ (ಉಚಿತ ಪಬ್ಲಿಕ್ ಸಿಎ) ಬಳಸೋ ಕ್ಲೌಡ್ ಡೇಟಾಬೇಸ್‌ಗಳೂ ಇವೆಯಲ್ಲ, ಮಾಂಗೋಡಿಬಿ ಅಟ್ಲಾಸ್ ಹಾಗೆ.

ಬೀದರ್_ಬಿಟ್ಸ್ · 11:55

ಅಟ್ಲಾಸ್ ಅಂದ ಕೂಡ್ಲೇ ನೆನಪಾಯ್ತು. 2021ರ ಸೆಪ್ಟೆಂಬರ್ 30. ಲೆಟ್ಸ್ ಎನ್‌ಕ್ರಿಪ್ಟ್ ಸರಪಳಿಯ ಮೇಲಿದ್ದ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಅವತ್ತು ಮುಗೀತು. ಹೊಸ ರೂಟ್, ಐಎಸ್‌ಆರ್‌ಜಿ ರೂಟ್ ಎಕ್ಸ್1, ನಮ್ಮ ಹೊಸ ಸರ್ವರ್‌ಗಳಲ್ಲಿ ಎಲ್ಲಾ ಇತ್ತು. ಒಂದು ಹಳೇ ಸರ್ವರ್ ಮಾತ್ರ ಓಪನ್‌ಎಸ್‌ಎಸ್‌ಎಲ್ 1.0.2 ಇಟ್ಕೊಂಡಿತ್ತು. ಅದರಲ್ಲಿ ಹೊಸ ರೂಟ್ ಸೇರಿಸಿದ್ರೂ ಕೇಳಲಿಲ್ಲ. ಮುಗಿದ ಹಳೇ ರೂಟ್ ಸ್ಟೋರ್‌ನಲ್ಲಿ ಕಂಡ್ರೆ ಅದೇ ದಾರಿ ಹಿಡಿದು ಹೋಗಿ ಫೇಲ್ ಆಗೋದು ಆ ವರ್ಷನ್‌ನ ಸ್ವಭಾವ. ಹಳೇದನ್ನ ತೆಗೆದು ಹಾಕಿದ ಮೇಲೇ ಕನೆಕ್ಟ್ ಆಯ್ತು. ಸೇರಿಸೋದು ಗೊತ್ತಿತ್ತು, ತೆಗೆಯೋದೂ ಬೇಕು ಅಂತ ಅವತ್ತು ಕಲಿತೆ.

ಹೊಸ_ಫ್ರೆಷರ್ · ಗುರುವಾರ, ಬೆಳಿಗ್ಗೆ 7:40

ಸಂಬಂಧ ಇಲ್ಲದ ಪ್ರಶ್ನೆ. ಸರ್ಟಿಫಿಕೇಟ್‌ಗೆ ಪ್ರಮಾಣಪತ್ರ ಅಂತ ಯಾಕೆ ಯಾರೂ ಬರೀತಿಲ್ಲ?

ಮೈಸೂರು_ಡಿಬಿಎ · 7:52

ಬರೀಬಹುದು, ಚಂದದ ಪದ. ನಾನು ತರಬೇತಿ ಕೊಡುವಾಗ ರೂಟ್‌ಗೆ ಬೇರು, ಲೀಫ್‌ಗೆ ಎಲೆ ಅಂತಲೇ ಹೇಳ್ತೀನಿ. ಎಲೆ ಉದುರುತ್ತೆ, ಬೇರು ಇರುತ್ತೆ ಅಂದ್ರೆ ಮಕ್ಕಳಿಗೆ ತಕ್ಷಣ ಹೋಗುತ್ತೆ. ಆದ್ರೆ ರಾತ್ರಿ ಮೂರಕ್ಕೆ ಫೋನ್‌ನಲ್ಲಿ ಮಾತಾಡುವಾಗ ಲಾಗ್‌ನಲ್ಲಿ ಏನು ಕಾಣುತ್ತೋ ಅದೇ ಪದ ಹೇಳಬೇಕು, ಇಲ್ಲದಿದ್ರೆ ಆ ಕಡೆಯವರು ಹುಡುಕೋಕೆ ಆಗಲ್ಲ.

ಹುಬ್ಬಳ್ಳಿ_ಬ್ಯಾಕೆಂಡ್ · 8:05

ನಮ್ಮ ಕಡೆ ಪ್ರಮಾಣಪತ್ರ ಅಂದ್ರ ಜಾತಿ-ಆದಾಯದ್ದ ನೆನಪ ಬರ್ತೈತ್ರಿ.

ಸಂಘದ_ಲೆಕ್ಕ · 11:15

ಬೆಳಿಗ್ಗೆಯಿಂದ ಕೂತು ಮಾಡಿದ್ದನ್ನ ಹೇಳ್ತೀನಿ.

ಅಮೆಜಾನ್‌ನ ಟ್ರಸ್ಟ್‌ಸ್ಟೋರ್ ಪುಟದಿಂದ ಗ್ಲೋಬಲ್ ಬಂಡಲ್ ಪೆಮ್ ಫೈಲ್ ಇಳಿಸಿ ಕೀಟೂಲ್‌ನಿಂದ ಇಂಪೋರ್ಟ್ ಮಾಡಿದೆ. ಎಸ್‌ಎಸ್‌ಎಲ್-ಫ್ಯಾಕ್ಟರಿ, ವೆರಿಫೈ-ಫುಲ್ ಎರಡನ್ನೂ ವಾಪಸ್ ಹಾಕಿದೆ. ಮತ್ತೆ ಅದೇ ಎರರ್. ಲೀಫ್ ತೆಗೆದಿದ್ದೀನಿ. ಈಗ ಎಲ್ಲಿ ತಪ್ಪು?

ಕುಡ್ಲದ_ಡಿಬಿಎ · 11:22

ಇದು ಎಲ್ಲರೂ ಒಮ್ಮೆ ಬೀಳುವ ಹೊಂಡ. ಆ ಬಂಡಲಿನಲ್ಲಿ ಎಲ್ಲ ರೀಜನ್‌ಗಳ ಸರ್ಟಿಫಿಕೇಟ್ ಉಂಟು. ಕೀಟೂಲ್ ಇಂಪೋರ್ಟ್ ಮಾಡುವುದು ಫೈಲಿನ ಮೊದಲನೆಯದನ್ನು ಮಾತ್ರ, ಉಳಿದದ್ದನ್ನು ಹೇಳದೆ ಬಿಟ್ಟುಬಿಡ್ತದೆ. ಮೊದಲನೆಯದು ಮುಂಬೈದ್ದಲ್ಲ. ಒಂದೊಂದಾಗಿ ಒಡೆದು ಇಂಪೋರ್ಟ್ ಮಾಡ್ಬೇಕು.

ಅದಕ್ಕಿಂತ ಸುಲಭ ಉಂಟು. ಪೋಸ್ಟ್‌ಗ್ರೆಸ್ ಜೆಡಿಬಿಸಿ ಡ್ರೈವರಿಗೆ (ಜಾವಾದಿಂದ ಡೇಟಾಬೇಸಿಗೆ ಕನೆಕ್ಟ್ ಆಗುವ ಲೈಬ್ರರಿಗೆ) ಜಾವಾ ಟ್ರಸ್ಟ್‌ಸ್ಟೋರ್ ಬೇಕಂತಲೇ ಇಲ್ಲ. ಕನೆಕ್ಷನ್ ಯುಆರ್‌ಎಲ್‌ನಲ್ಲಿ ಎಸ್‌ಎಸ್‌ಎಲ್-ಫ್ಯಾಕ್ಟರಿ ಅಂತ ಬರೆದಿದ್ದರೆ ತೆಗೀರಿ, ಎಸ್‌ಎಸ್‌ಎಲ್-ರೂಟ್‌ಸರ್ಟ್‌ಗೆ ಆ ಪೆಮ್ ಫೈಲಿನ ದಾರಿ ಕೊಡಿ. ಡ್ರೈವರ್ ಫೈಲಿನಲ್ಲಿರುವ ಎಲ್ಲವನ್ನೂ ಓದ್ತದೆ. ಪೈಥಾನಿಗೂ ಅದೇ ಫೈಲ್, ನೋಡ್‌ಗೂ ಅದೇ. ಆರೂ ಸರ್ವಿಸಿಗೆ ಒಂದೇ ಫೈಲ್ ಇದ್ದರೆ ಮುಂದೆ ನೋಡಿಕೊಳ್ಳಲಿಕ್ಕೆ ಸುಲಭ.

ಸಂಘದ_ಲೆಕ್ಕ · 11:41

ಓಡ್ತು! ವೆರಿಫೈ-ಫುಲ್‌ನಲ್ಲೇ. ತುಂಬಾ ಧನ್ಯವಾದ ಸಾರ್.

ಆ ಫೈಲನ್ನ ಎಲ್ಲಿಡೋದು? ಸೀಕ್ರೆಟ್ಸ್ ಮ್ಯಾನೇಜರ್‌ಗೆ ಹಾಕಬೇಕಾ? ಗಿಟ್‌ನಲ್ಲಿ ಹಾಕೋಕೆ ಭಯ.

ತುಂಗಾತೀರ · 11:46

ಭಯ ಬೇಡ. ಅದರಲ್ಲಿ ಗುಟ್ಟು ಏನೂ ಇಲ್ಲ, ಯಾರು ಬೇಕಾದ್ರೂ ಇಳಿಸಿಕೊಳ್ಳೋ ಫೈಲ್. ಗುಟ್ಟಾಗಿಡಬೇಕಾಗಿರೋದು ಪ್ರೈವೇಟ್ ಕೀ, ಅದು ಆರ್‌ಡಿಎಸ್‌ನಲ್ಲಿ ನಿಮ್ಮ ಕೈಗೆ ಬರೋದೇ ಇಲ್ಲ. ಬಂಡಲನ್ನ ಬೇಸ್ ಇಮೇಜ್‌ನಲ್ಲಿ ಹಾಕಿ. ಆದ್ರೆ ಸರ್ವಿಸ್ ಏಳೋ ಪ್ರತಿ ಸಲ ಇಂಟರ್ನೆಟ್‌ನಿಂದ ಇಳಿಸೋ ಹಾಗೆ ಬರೀಬೇಡಿ. ಆ ಡೌನ್‌ಲೋಡ್ ಕೈಕೊಟ್ಟ ದಿನ ನಿಮ್ಮ ಸರ್ವಿಸ್ಸೂ ಏಳಲ್ಲ.

ಸಂಘದ_ಲೆಕ್ಕ · ಮಧ್ಯಾಹ್ನ 3:10

ಪೈಥಾನ್ ಎರಡೂ ಆಯ್ತು. ನೋಡ್ ಮೂರರಲ್ಲಿ ಎರಡು ಆಯ್ತು. ಮೂರನೇದು ಹಠ ಮಾಡ್ತಿದೆ: ಹೋಸ್ಟ್‌ನೇಮ್ ಹೊಂದ್ತಿಲ್ಲ ಅಂತ. ಅದು ನಮ್ಮ ಒಳಗಿನ ಒಂದು ಚಿಕ್ಕ ಡಿಎನ್‌ಎಸ್ ಹೆಸರಿಗೆ ಕನೆಕ್ಟ್ ಆಗುತ್ತೆ, ಆ ಹೆಸರು ಸಿನೇಮ್ (ಡಿಎನ್‌ಎಸ್‌ನ ಅಡ್ಡಹೆಸರು) ಆಗಿ ಆರ್‌ಡಿಎಸ್ ಎಂಡ್‌ಪಾಯಿಂಟ್‌ಗೆ ತೋರಿಸುತ್ತೆ.

ನೈಟ್_ಡ್ಯೂಟಿ · 3:18

ಸಿನೇಮ್ ಹೆಸರು ಆ ಸರ್ಟಿಫಿಕೇಟ್‌ನಲ್ಲಿ ಇರಲ್ಲ. ಕ್ಲೈಂಟ್ ಹೋಲಿಸೋದು ನೀವು ಕೊಟ್ಟ ಹೆಸರನ್ನ, ಡಿಎನ್‌ಎಸ್ ಎಲ್ಲಿಗೆ ತಲುಪಿತು ಅನ್ನೋದನ್ನಲ್ಲ. ಕಾನ್ಫಿಗ್‌ನಲ್ಲಿ ಎಂಡ್‌ಪಾಯಿಂಟ್ ಪೂರ್ತಿ ಹೆಸರು ಬರೀರಿ.

ಸಂಘದ_ಲೆಕ್ಕ · 3:21

ಸಿನೇಮ್ ಇಟ್ಟಿದ್ದೇ ಡೇಟಾಬೇಸ್ ಬದಲಾದಾಗ ಕಾನ್ಫಿಗ್ ಮುಟ್ಟಬಾರದು ಅಂತ.

ಮೈಸೂರು_ಡಿಬಿಎ · 3:33

ಬ್ಲೂ-ಗ್ರೀನ್ ಡಿಪ್ಲಾಯ್‌ಮೆಂಟ್‌ನಲ್ಲಿ (ಹೊಸದನ್ನ ಪಕ್ಕದಲ್ಲೇ ಎಬ್ಬಿಸಿ ಆಮೇಲೆ ಅದಲುಬದಲು ಮಾಡೋದು) ಬದಲಾಯಿಸಿದ್ರೆ ಎಂಡ್‌ಪಾಯಿಂಟ್ ಹೆಸರು ಅದೇ ಉಳಿಯುತ್ತೆ, ಆ ಕೆಲಸಕ್ಕೆ ಸಿನೇಮ್ ಬೇಡ.

ಇನ್ನೊಂದು ಜಾಗ ನೋಡ್ಕೊಳ್ಳಿ. ನಿಮ್ಮ ಹುಡುಗರು ಎಸ್‌ಎಸ್‌ಎಚ್ ಟನಲ್ ಹಾಕಿ ಲೋಕಲ್‌ಹೋಸ್ಟ್‌ನಿಂದ ಪಿಎಸ್‌ಕ್ಯೂಎಲ್ ತೆಗೀತಾರಲ್ಲ, ಅಲ್ಲೂ ವೆರಿಫೈ-ಫುಲ್ ಹೆಸರಿಗೆ ತಕರಾರು ತೆಗೆಯುತ್ತೆ. ಆಗ ಹೋಸ್ಟ್‌ನಲ್ಲಿ ನಿಜವಾದ ಎಂಡ್‌ಪಾಯಿಂಟ್, ಹೋಸ್ಟ್‌ಅಡ್ರ್ ಅನ್ನೋ ಪ್ಯಾರಾಮೀಟರ್‌ನಲ್ಲಿ 127.0.0.1 ಕೊಟ್ರೆ ಆಯ್ತು. ಹೋಗೋದು ಟನಲ್‌ಗೆ, ಹೋಲಿಸೋದು ನಿಜವಾದ ಹೆಸರಿಗೆ. ಇದು ಗೊತ್ತಿಲ್ಲದೆ ಎಷ್ಟೋ ಜನ ತಮ್ಮ ಲ್ಯಾಪ್‌ಟಾಪ್‌ಗೆ ಅಂತ ರಿಕ್ವೈರ್ ಹಾಕಿ, ಆ ಕಾನ್ಫಿಗ್ಗೇ ಪ್ರೊಡಕ್ಷನ್‌ಗೆ ಹೋಗಿಬಿಡುತ್ತೆ.

ಡಬ್ಲಿನ್_ಕನ್ನಡಿಗ · 3:50

ರಿಕ್ವೈರ್ ಪದವನ್ನೂ ನಂಬಬೇಡಿ, ಲೈಬ್ರರಿಗೊಂದು ಅರ್ಥ ಇದೆ. ಲಿಬ್‌ಪಿಕ್ಯೂನಲ್ಲಿ (ಪಿಎಸ್‌ಕ್ಯೂಎಲ್ ಬಳಸೋ ಪೋಸ್ಟ್‌ಗ್ರೆಸ್ ಲೈಬ್ರರಿ) ಹೋಮ್ ಡೈರೆಕ್ಟರಿಯಲ್ಲಿ ರೂಟ್ ಸರ್ಟಿಫಿಕೇಟ್ ಫೈಲ್ ಇದ್ರೆ ರಿಕ್ವೈರ್ ಕೂಡ ವೆರಿಫೈ-ಸಿಎ ಹಾಗೆ ನಡ್ಕೊಳ್ಳುತ್ತೆ, ಇಲ್ಲದಿದ್ರೆ ಏನೂ ನೋಡಲ್ಲ. ಜೆಡಿಬಿಸಿ ಡ್ರೈವರ್ ಡೀಫಾಲ್ಟ್ ಆಗಿ ರಿಕ್ವೈರ್‌ನಲ್ಲಿ ನೋಡೋದೇ ಇಲ್ಲ. ಲ್ಯಾಂಬ್ಡಾ (ಸರ್ವರ್ ಇಟ್ಕೊಳ್ಳದೆ ಕೋಡ್ ಓಡಿಸೋ ಅಮೆಜಾನ್ ಸೇವೆ) ಬಳಸೋರಿಗೆ ಇನ್ನೊಂದು ಮಾತು: ನೋಡ್ 18ರ ತನಕ ಆರ್‌ಡಿಎಸ್ ರೂಟ್‌ಗಳು ರನ್‌ಟೈಮ್‌ನಲ್ಲಿ ತಾನಾಗೇ ಲೋಡ್ ಆಗ್ತಿದ್ವು, 20ರಿಂದ ಆಗಲ್ಲ. ವರ್ಷನ್ ಏರಿಸಿದ ದಿನ ಕೆಟ್ರೆ ಅಲ್ಲಿ ನೋಡಿ.

ಜಯನಗರ_4ನೇ_ಬ್ಲಾಕ್ · 4:02

ಸರಿ, ನನ್ನದೊಂದು ಪ್ರಶ್ನೆ, ನಿಜವಾಗಿ ಕೇಳ್ತಿದ್ದೀನಿ. ಇದನ್ನ ಮಾನಿಟರ್ ಮಾಡೋದು ಹೇಗೆ? ಮುಗಿಯೋ ದಿನ ಗುರುತು ಹಾಕಿದ್ರೆ ಪ್ರಯೋಜನ ಇಲ್ಲ ಅಂತ ಈಗ ನೋಡಿದ್ವಿ.

ಕುಡ್ಲದ_ಡಿಬಿಎ · 4:20

ಒಳ್ಳೆ ಪ್ರಶ್ನೆ. ನಾವು ಮಾಡುವುದು ಹೇಳ್ತೇನೆ.

ಐದು ನಿಮಿಷಕ್ಕೊಮ್ಮೆ ಒಂದು ಸಣ್ಣ ಜಾಬ್, ಪೂಲ್ ಇಲ್ಲದೆ, ಪ್ರತಿ ಸಲ ಹೊಸ ಕನೆಕ್ಷನ್ ತೆರೆದು ಸೆಲೆಕ್ಟ್ 1 ಓಡಿಸಿ ಮುಚ್ಚುತ್ತದೆ. ಸರ್ವಿಸಿನದೇ ಇಮೇಜ್, ಸರ್ವಿಸಿನದೇ ಕನೆಕ್ಷನ್ ಸಾಲು, ವೆರಿಫೈ-ಫುಲ್. ಪೂಲ್ ಖಾಲಿ ಆಗ್ಲಿಕ್ಕೆ ಅರ್ಧ ಗಂಟೆ ಬೇಕಲ್ಲ, ಅಷ್ಟರಲ್ಲಿ ನಿಮಗೆ ಮೊದಲೇ ಗೊತ್ತಾಗ್ತದೆ. ಇದರ ಜೊತೆ ದಿನಕ್ಕೊಮ್ಮೆ ಓಪನ್‌ಎಸ್‌ಎಸ್‌ಎಲ್ ಎಸ್-ಕ್ಲೈಂಟ್‌ಗೆ ಸ್ಟಾರ್ಟ್‌ಟಿಎಲ್‌ಎಸ್ ಪೋಸ್ಟ್‌ಗ್ರೆಸ್ ಅಂತ ಕೊಟ್ಟು ಸರ್ವರ್ ಈಗ ಯಾವ ಸರ್ಟಿಫಿಕೇಟ್ ತೋರಿಸ್ತಾ ಉಂಟು, ಅದರ ಸೀರಿಯಲ್ ನಂಬರ್ ನಿನ್ನೆಯದ್ದೇ ಅಲ್ವಾ ಅಂತ ಬರೆದಿಡ್ತೇವೆ. ಸ್ಟಾರ್ಟ್‌ಟಿಎಲ್‌ಎಸ್ ಕೊಡದಿದ್ದರೆ ಪೋಸ್ಟ್‌ಗ್ರೆಸ್ ಸರ್ವರ್ ಸರ್ಟಿಫಿಕೇಟ್ ತೋರಿಸುವುದಿಲ್ಲ, ಅದಕ್ಕೇ ಸಾಮಾನ್ಯ ವೆಬ್‌ಸೈಟ್ ಚೆಕ್ಕರ್‌ಗಳು ಇಲ್ಲಿ ಕೆಲಸ ಮಾಡುವುದು ಕಮ್ಮಿ. ಸರ್ವರ್ 17ನೇ ವರ್ಷನಿನಿಂದ ನೇರ ಟಿಎಲ್‌ಎಸ್ ಕೂಡ ಉಂಟು, ಆದರೆ ಹೆಚ್ಚಿನವರು ಇನ್ನೂ ಹಳೆಯ ದಾರಿಯಲ್ಲೇ.

ಜಯನಗರ_4ನೇ_ಬ್ಲಾಕ್ · 4:27

ಹೊಸ ಕನೆಕ್ಷನ್ ತೆರೆಯೋ ಜಾಬ್ ನಾವೂ ಹಾಕ್ತೀವಿ. ನಮ್ಮ ನಾಲ್ಕು ಸರ್ವಿಸ್‌ನಲ್ಲಿ ಎಲ್ಲಾ ರಿಕ್ವೈರೇ ಇದೆ, ಒಂದೊಂದಾಗಿ ನೋಡ್ತೀನಿ.

ಸಂಘದ_ಲೆಕ್ಕ · ಸಂಜೆ 6:45

ಆರೂ ಸರ್ವಿಸ್ ವೆರಿಫೈ-ಫುಲ್‌ಗೆ ಬಂದವು. ಕನ್ಸೋಲ್‌ನಿಂದ ಸರ್ಟಿಫಿಕೇಟನ್ನ ನಾವೇ ಒಮ್ಮೆ ಬದಲಾಯಿಸಿ ನೋಡೋಣ ಅಂತ ಸ್ಟೇಜಿಂಗ್‌ನಲ್ಲಿ ಮಾಡಿದ್ವಿ, ಎಲ್ಲರೂ ಕಣ್ಣು ಬಿಟ್ಕೊಂಡು ಮುಕ್ಕಾಲು ಗಂಟೆ ಕೂತಿದ್ವಿ. ಒಂದು ಎರರ್ ಕೂಡ ಬರಲಿಲ್ಲ. ರಾತ್ರಿ ಎದ್ದು ಸರಿ ಮಾಡಿದ ಹುಡುಗನೇ ಆ ಐದು ನಿಮಿಷದ ಜಾಬ್ ಬರೆದ. ಅವನ ಕೈಲೇ ಮೇಂಟೆನೆನ್ಸ್ ವಿಂಡೋನೂ ಬದಲಾಯಿಸಿದೆ, ಭಾನುವಾರ ಮಧ್ಯಾಹ್ನ 3:00ಕ್ಕೆ, ಯುಟಿಸಿಯಲ್ಲಿ 9:30. ಅವತ್ತು ಸಂಘಗಳಿಗೆ ರಜೆ, ನಾವು ಎಚ್ಚರ ಇರ್ತೀವಿ.

ಕುಡ್ಲದ ಸಾರ್, ಮೈಸೂರು ಮೇಡಂ, ಎಲ್ಲರಿಗೂ ಕೈ ಮುಗಿದೆ.

ಹುಬ್ಬಳ್ಳಿ_ಬ್ಯಾಕೆಂಡ್ · ರಾತ್ರಿ 9:12

ಇದನ್ನೆಲ್ಲಾ ಓದಿ ನಮ್ಮ ಟ್ರಸ್ಟ್‌ಸ್ಟೋರ್ ಲಿಸ್ಟ್ ಮಾಡಿ ನೋಡ್ದೆ. ಹದಿನಾಲ್ಕರಾಗ ಹದಿಮೂರು ಸರಿ ಅದಾವ. ಒಂದರಾಗ ಓನರ್ ಅಂತ ಡೇಟಾಬೇಸ್ ಹೆಸರ ಐತಿ. ಐದ್ ತಿಂಗಳ ಹಿಂದ ಹಾಕಿದ್ದು. ವಿಂಡೋ ಶುಕ್ರವಾರ ರಾತ್ರಿ. ಈಗ ಬಂಡಲ್ ಇಳಿಸ್ಕೊಂಡು ಕುಂತೇನ್ರಿ, ಮುಗಿಸೇ ಏಳ್ತೇನಿ.